ಹೊಗೆಯೊಲೆಗೆ ಎಂಥ ಸೌದೆ?

ಹೊಗೆಯ ವಿಷಯದಲ್ಲಿ ನಮ್ಮ ಜನಕ್ಕೆ ಎಂದೂ ಒಳ್ಳೆಯ ಅಭಿಪ್ರಾಯವಿದ್ದಂತಿಲ್ಲ. ಬೇಡದವನನ್ನು ಜಾಗ ಬಿಡಿಸುವುದಕ್ಕೆ ‘ಹೊಗೆ ಹಾಕುವುದು’ ಎನ್ನುತ್ತೇವೆ. ಮಳೆಗಾಲದ ಹಸಿ ಸೌದೆಯ ಮುಂದೆ ಊದುಗೊಳವೆ ಹಿಡಿದು ಕುಳಿತ ತಾಯಂದಿರ ಕಣ್ಣೀರನ್ನು ಕಂಡವರು ನಮ್ಮಲ್ಲಿ ಇನ್ನೂ ಅನೇಕರಿದ್ದಾರೆ. ಗ್ಯಾಸಿನ ಒಲೆ ಮನೆಗೆ ಬಂದ ದಿನ ಹಬ್ಬವಾದುದು ಈ ಕಾರಣಕ್ಕೇ. ೨೦೧೬ರಲ್ಲಿ ಕೇಂದ್ರ ಸರ್ಕಾರವು ಉಜ್ವಲಾ ಯೋಜನೆಯನ್ನು ಆರಂಭಿಸಿ ಬಡ ಮನೆಗಳ ಹೆಣ್ಣುಮಕ್ಕಳ ಹೆಸರಿನಲ್ಲಿ ಗ್ಯಾಸ್ ಸಂಪರ್ಕ ಕೊಡತೊಡಗಿದುದೂ ಅಡುಗೆಮನೆಯ ಹೊಗೆಯನ್ನು ಹೊರಗಟ್ಟುವುದಕ್ಕಾಗಿಯೇ.

ಹೀಗಿರುವಾಗ, ಅದೇ ತಾಯಂದಿರ ಮಕ್ಕಳು ಸ್ವಂತ ಹಣ ತೆತ್ತು ಹೊಗೆಯಲ್ಲಿ ಬೇಯಿಸುವುದಕ್ಕೆಂದೇ ಮಾಡಿದ ಕಬ್ಬಿಣದ ಒಲೆಯೊಂದನ್ನು ಕೊಂಡು, ರಜೆಯ ದಿನವೆಲ್ಲ ಅದರ ಮುಂದೆ ಕಾವಲು ಕೂರುತ್ತಾರೆಂದರೆ ನಗು ಬರುವುದು ಸಹಜ. ಆದರೆ ಸಂಗತಿ ನಿಜ. ಅಮೆರಿಕೆಯಲ್ಲಿ ನೆಲೆಸಿದ ನಮ್ಮ ಹುಡುಗರ ಹಿತ್ತಿಲುಗಳಲ್ಲಿ ಈ ಒಲೆ ಕಾಣಿಸಿಕೊಂಡಿದೆ. ರಜೆಗೆ ಬಂದವರು ಅದರ ಮಾತನ್ನೇ ಆಡುತ್ತಾರೆ. ಮುಂಬಯಿ, ಪುಣೆಗಳ ಹೊರವಲಯದಲ್ಲಿ ಅಂಗೈಯಗಲದ ತೋಟವಿರುವವರಿಗೂ ‘ನಾವೂ ಒಂದನ್ನು ಮಾಡಿಸಿದರೆ ಹೇಗೆ’ ಎಂಬ ಆಸೆ ಹುಟ್ಟುತ್ತದೆ. ಒಲೆಯೇನೋ ದುಡ್ಡಿಗೆ ಸಿಗುತ್ತದೆ. ಅದರೊಳಗೆ ಹಾಕುವ ಸೌದೆಯನ್ನು ಆರಿಸುವ ಬುದ್ಧಿ ಮಾತ್ರ ಅಂಗಡಿಯಲ್ಲಿ ಸಿಗುವುದಿಲ್ಲ. ಹತ್ತು ಗಂಟೆ ಕಾದು, ಬೆಲೆಯುಳ್ಳ ಪದಾರ್ಥವನ್ನು ಬೇಯಿಸಿ, ಕರೆದ ನೆಂಟರ ಮುಂದೆ ಬಡಿಸಿದಾಗ ಅದು ಮಸಿಯಂತೆ ಕಹಿಯಾಗಿದ್ದರೆ ಆಗುವ ಮುಖಭಂಗ ಸಾಮಾನ್ಯವಲ್ಲ. ಆದ್ದರಿಂದ ಈ ಸೌದೆಯ ವಿಚಾರವನ್ನು ನಾಲ್ಕು ಮಾತಿನಲ್ಲಿ ತಿಳಿಸಬೇಕೆಂದು ಹೊರಟಿದ್ದೇವೆ. ಸಸ್ಯಾಹಾರಿ ವಾಚಕರು ಪುಟ ತಿರುವಬೇಕಾಗಿಲ್ಲ. ಬದನೆಕಾಯಿಗೂ ಪನ್ನೀರಿಗೂ ಇದೇ ನಿಯಮಗಳು ಸಲ್ಲುತ್ತವೆ.

ಒಲೆಯ ಪರಿಚಯ

ಅಮೆರಿಕನ್ನರು ಇದನ್ನು ‘ಆಫ್‌ಸೆಟ್ ಸ್ಮೋಕರ್’ ಎನ್ನುತ್ತಾರೆ. ನಾವು ಹೊಗೆಯೊಲೆ ಎನ್ನೋಣ. ಮಲಗಿಸಿದ ಪೀಪಾಯಿಯಂತಹ ಒಂದು ದಪ್ಪ ಕಬ್ಬಿಣದ ಕೊಳವೆ; ಅದರ ಒಂದು ತುದಿಗೆ, ಸ್ವಲ್ಪ ಕೆಳಗೆ, ಅಂಟಿಕೊಂಡಂತೆ ಒಂದು ಪುಟ್ಟ ಬೆಂಕಿಗೂಡು; ಇನ್ನೊಂದು ತುದಿಯಲ್ಲಿ ಹೊಗೆ ಹೋಗುವ ಚಿಮಣಿ. ಸೌದೆ ಉರಿಯುವುದು ಗೂಡಿನಲ್ಲಿ, ಪದಾರ್ಥ ಬೇಯುವುದು ಕೊಳವೆಯಲ್ಲಿ. ಉರಿ ಪದಾರ್ಥವನ್ನು ಮುಟ್ಟುವುದಿಲ್ಲ. ಬಿಸಿಗಾಳಿಯೂ ಹೊಗೆಯೂ ಅದರ ಮೇಲೆ ಹಾದು ಚಿಮಣಿಯ ದಾರಿ ಹಿಡಿಯುತ್ತವೆ. ಒಳಗಿನ ಶಾಖ ೧೦೭ರಿಂದ ೧೩೫ ಸೆಂಟಿಗ್ರೇಡ್ ಡಿಗ್ರಿಗಳ ನಡುವೆ ಇರುತ್ತದೆ. ಆದಕಾರಣ ಕೆಲಸ ನಿಧಾನ. ಇಡೀ ಕೋಳಿಗೆ ಮೂರು ನಾಲ್ಕು ಗಂಟೆ, ಕುರಿಯ ಹೆಗಲಿಗೆ ಆರರಿಂದ ಎಂಟು ಗಂಟೆ ಬೇಕು.

ಇದರ ತವರು ಟೆಕ್ಸಾಸ್ ಸಂಸ್ಥಾನ. ಹತ್ತೊಂಬತ್ತನೆಯ ಶತಮಾನದಲ್ಲಿ ಅಲ್ಲಿಗೆ ವಲಸೆ ಬಂದ ಜರ್ಮನ್ ಮತ್ತು ಚೆಕ್ ಕಟುಕರು, ಮಾರಾಟವಾಗದೆ ಉಳಿದ ಮಾಂಸ ಕೆಡದಿರಲೆಂದು ಅದನ್ನು ಸೌದೆಯ ಹೊಗೆಯಲ್ಲಿ ಬೇಯಿಸಿ ಕಾಗದದಲ್ಲಿ ಕಟ್ಟಿ ಕೊಡುತ್ತಿದ್ದರು. ಲಾಕ್‌ಹಾರ್ಟ್ ಎಂಬ ಸಣ್ಣ ಊರಿನಲ್ಲಿ ೧೯೦೦ರಲ್ಲಿ ಆರಂಭವಾದ ಕ್ರೈಟ್ಸ್ ಮಾರ್ಕೆಟ್ ಈಗಲೂ ನಡೆಯುತ್ತಿದೆ. ೧೯೯೯ರಲ್ಲಿ ಟೆಕ್ಸಾಸಿನ ಶಾಸನಸಭೆಯು ಆ ಊರನ್ನು ಈ ಅಡುಗೆಯ ರಾಜಧಾನಿಯೆಂದು ಸಾರಿತು. ಅಲ್ಲಿಯ ಹಳೆಯ ಅಂಗಡಿಗಳಲ್ಲಿ ಉದ್ದನೆಯ ಇಟ್ಟಿಗೆಯ ಒಲೆಗಳಿವೆ. ಒಂದು ತುದಿಯಲ್ಲಿ ನೆಲದ ಮೇಲೆಯೇ ಓಕ್ ಸೌದೆ ಉರಿಯುತ್ತಿರುತ್ತದೆ. ಮುಂದೆ ಎಣ್ಣೆ ಬಾವಿಗಳ ಪ್ರದೇಶದಲ್ಲಿ ಹಳೆಯ ಕಬ್ಬಿಣದ ಪೈಪುಗಳಿಗೆ ಬೆಸುಗೆ ಹಾಕಿ, ಇದೇ ಉಪಾಯವನ್ನು ಮನೆಯ ಹಿತ್ತಿಲಿಗೆ ತಂದರು.

ಸೌದೆಯೇ ಮಸಾಲೆ

ನಮ್ಮ ಅನ್ನದ ಒಲೆಗೆ ಹುಣಸೆಯ ಸೌದೆಯಾದರೇನು, ಜಾಲಿಯಾದರೇನು? ಪಾತ್ರೆಗೆ ಮುಚ್ಚಳವಿದೆ; ಹೊಗೆ ಅನ್ನಕ್ಕೆ ತಾಗದು. ಹೊಗೆಯೊಲೆಯಲ್ಲಿ ಹಾಗಲ್ಲ. ಇಲ್ಲಿ ಸೌದೆಗೆ ಎರಡು ಉದ್ಯೋಗ: ಶಾಖ ಕೊಡುವುದು ಒಂದು, ರುಚಿ ಕೊಡುವುದು ಇನ್ನೊಂದು. ಮರವೆಂಬುದು ಮುಖ್ಯವಾಗಿ ಸೆಲ್ಯುಲೋಸ್ ಮತ್ತು ಲಿಗ್ನಿನ್ ಎಂಬ ವಸ್ತುಗಳಿಂದಾದುದು. ಕಾವು ಏರಿದಂತೆ ಲಿಗ್ನಿನ್ ಒಡೆದು ಗ್ವಾಯಕಾಲ್, ಸಿರಿಂಗಾಲ್ ಎಂಬ ಆವಿಗಳು ಹೊರಡುತ್ತವೆ. ಹೊಗೆಯಡುಗೆಯ ಪರಿಮಳವೆಂದು ನಾವು ಮೆಚ್ಚುವುದು ಬಹುಪಾಲು ಇವುಗಳನ್ನೇ. ಚೆನ್ನಾಗಿ ಉರಿಯುವ ಬೆಂಕಿಯಲ್ಲಿ ಇವು ಹದವಾಗಿ ಹೊರಡುತ್ತವೆ. ಉಳಿದ ಕೊಳಕು ಆವಿಗಳು ಬೆಂಕಿಯಲ್ಲಿಯೇ ಸುಟ್ಟುಹೋಗುತ್ತವೆ. ಉಸಿರುಕಟ್ಟಿದ ಬೆಂಕಿಯಲ್ಲಾದರೆ ಆ ಕೊಳಕೆಲ್ಲ ಸುಡದೆ ಹೊರಬಂದು, ಪದಾರ್ಥದ ಮೇಲೆ ಕಪ್ಪು ಜಿಗುಟಾಗಿ ಕೂರುತ್ತದೆ. ಹಳೆಯ ಅಡುಗೆಮನೆಗಳ ತೊಲೆಗೆ ಹತ್ತುತ್ತಿದ್ದ ಇಲ್ಲಣವೂ ಇದೇ ಜಾತಿಯದು. ಅದನ್ನು ಯಾರಾದರೂ ನಾಲಗೆಯ ಮೇಲೆ ಇಟ್ಟುಕೊಳ್ಳುವರೇ?

ಬಲ್ಲವರು ಚಿಮಣಿಯನ್ನು ನೋಡಿಯೇ ಅಡುಗೆಯ ಗತಿಯನ್ನು ಹೇಳುತ್ತಾರೆ. ದಟ್ಟವಾದ ಬಿಳಿಯ ಹೊಗೆ ಉರುಳಿ ಉರುಳಿ ಬರುತ್ತಿದ್ದರೆ ಕಹಿ ನಿಶ್ಚಯ. ಕಣ್ಣಿಗೆ ಕಂಡೂ ಕಾಣದಂತೆ, ತೆಳ್ಳಗೆ ನೀಲಿಯ ಛಾಯೆಯ ಹೊಗೆ ಹೊರಡುತ್ತಿದ್ದರೆ ಬೆಂಕಿ ಸರಿಯಾಗಿದೆಯೆಂದು ಅರ್ಥ. ಹೊಗೆಯೊಲೆಯಲ್ಲಿ ಹೊಗೆ ಕಡಿಮೆಯಿರಬೇಕೆಂಬುದು ಮೊದಲು ಕೇಳಿದವರಿಗೆ ವಿಚಿತ್ರವೆನಿಸೀತು. ಅನುಭವಸ್ಥರಿಗೆ ಅದೇ ಮೊದಲ ಪಾಠ.

ಹೆಸರಿಗಿಂತ ಒಣಗು ಮುಖ್ಯ

ಹೊಸಬರು ಮೊದಲು ಕೇಳುವ ಪ್ರಶ್ನೆ ‘ಯಾವ ಮರ?’ ಎಂದು. ‘ಎಷ್ಟು ಒಣಗಿದೆ?’ ಎಂದು ಕೇಳುವುದು ಸರಿಯಾದ ಪ್ರಶ್ನೆ. ಆಗತಾನೆ ಕಡಿದ ಮರದ ತೂಕದಲ್ಲಿ ಅರ್ಧದವರೆಗೂ ನೀರೇ ಇರಬಹುದು. ಹೊಗೆಯೊಲೆಗೆ ಬೇಕಾದುದು ನೂರಕ್ಕೆ ೧೫ರಿಂದ ೨೦ ಪಾಲು ತೇವ ಉಳಿದ ಸೌದೆ. ಇದಕ್ಕೆ ಸೀಳಿ, ಗಾಳಿಯಾಡುವಂತೆ ಪೇರಿಸಿ, ಮೇಲೆ ಮಾತ್ರ ಮರೆ ಮಾಡಿ, ಆರು ತಿಂಗಳಿಂದ ಒಂದು ವರ್ಷ ಬಿಡಬೇಕು. ಗಟ್ಟಿಮರವಾದರೆ ಇನ್ನೂ ಹೆಚ್ಚು. ಯಂತ್ರದ ಗೂಡಿನಲ್ಲಿ ಒಣಗಿಸಿದ ಸೌದೆಯೂ ಅಲ್ಲಿ ಮಾರಾಟಕ್ಕಿದೆ. ಅದು ತೀರ ಒಣಗಿ ತೇವ ನೂರಕ್ಕೆ ೧೦ಕ್ಕಿಂತ ಕೆಳಗಿಳಿದಿದ್ದರೆ ಬೇಗ ಭಗ್ಗನೆ ಉರಿದು, ಶಾಖವೇರಿಸಿ, ಪರಿಮಳ ಕೊಡದೆ ಬೂದಿಯಾಗುತ್ತದೆ.

ನಾವು ಗುಮಾಸ್ತರು, ಲೆಕ್ಕ ಹಾಕದೆ ಯಾವುದನ್ನೂ ಒಪ್ಪುವವರಲ್ಲ. ನೂರು ಕಿಲೋ ಸೌದೆಯಲ್ಲಿ ನಲವತ್ತು ಕಿಲೋ ನೀರಿದೆಯೆನ್ನಿ. ಒಂದು ಕಿಲೋ ನೀರನ್ನು ಕಾಯಿಸಿ ಆವಿ ಮಾಡಲು ಸುಮಾರು ೬೨೦ ಕಿಲೋ ಕ್ಯಾಲರಿ ಬೇಕು. ಒಟ್ಟು ೨೪,೮೦೦. ಪೂರ್ಣವಾಗಿ ಒಣಗಿದ ಒಂದು ಕಿಲೋ ಮರ ಸುಮಾರು ೪,೫೦೦ ಕಿಲೋ ಕ್ಯಾಲರಿ ಕೊಡುತ್ತದೆ. ಎಂದರೆ, ಐದೂವರೆ ಕಿಲೋ ಮರ ನೀರು ಕಾಯಿಸುವುದಕ್ಕೇ ಹೋಯಿತು. ಶಾಖದ ನಷ್ಟ ಇಷ್ಟೇ. ನಮ್ಮ ಡಿಪೋಗಳಲ್ಲಿ ಸೌದೆಯನ್ನು ತೂಕದ ಮೇಲೆ ಮಾರುವುದರಿಂದ ನಲವತ್ತು ಕಿಲೋ ನೀರಿಗೆ ಸೌದೆಯ ಬೆಲೆ ಕೊಟ್ಟದ್ದು ಅದಕ್ಕಿಂತ ದೊಡ್ಡ ನಷ್ಟ. ಎಲ್ಲಕ್ಕಿಂತ ದೊಡ್ಡದು ಈ ಯಾವ ಲೆಕ್ಕಕ್ಕೂ ಸಿಗುವುದಿಲ್ಲ: ನೀರು ಆವಿಯಾಗುತ್ತಿರುವಷ್ಟು ಹೊತ್ತು ಸೌದೆಯ ಕಾವು ಏರದು, ಕಾವು ಏರದಿದ್ದರೆ ಆವಿಗಳು ಸುಡವು, ಸುಡದ ಆವಿ ಅಡುಗೆಗೆ ಹತ್ತುತ್ತದೆ.

ಒಣಗಿದುದನ್ನು ಗುರುತಿಸುವುದು ಹೇಗೆ? ಎರಡು ಮುಳ್ಳುಗಳುಳ್ಳ ಒಂದು ಸಣ್ಣ ಮಾಪಕ ಬಂದಿದೆ. ಸೌದೆಯನ್ನು ಹೊಸದಾಗಿ ಸೀಳಿ, ಒಳಮೈಗೆ ಚುಚ್ಚಿದರೆ ತೇವದ ಪ್ರಮಾಣವನ್ನು ತೋರಿಸುತ್ತದೆ. ಹೊರಮೈಗೆ ಚುಚ್ಚಿದರೆ ಸುಳ್ಳು ಹೇಳುತ್ತದೆ. ಮಾಪಕವಿಲ್ಲದವರಿಗೆ ಕಣ್ಣು ಕಿವಿಗಳಿವೆ. ಒಣಗಿದ ತುಂಡಿನ ಕೊನೆಗಳಲ್ಲಿ ಬಿರುಕುಗಳು ಚಕ್ರದ ಅರಗಳಂತೆ ಹರಡಿರುತ್ತವೆ. ತೊಗಟೆ ಸಡಿಲವಾಗಿರುತ್ತದೆ. ಕೈಗೆತ್ತಿಕೊಂಡರೆ ಗಾತ್ರಕ್ಕಿಂತ ಹಗುರ. ಎರಡು ತುಂಡುಗಳನ್ನು ಒಂದಕ್ಕೊಂದು ತಾಕಿಸಿದರೆ ‘ಟಣ್’ ಎನ್ನುತ್ತದೆ. ಹಸಿಯದು ‘ದೊಪ್’ ಎನ್ನುತ್ತದೆ.

ನಮ್ಮ ಅಕ್ಕ ಮಲೆನಾಡಿನ ಮನೆಯಲ್ಲಿ ಮೂವತ್ತು ವರ್ಷ ಸೌದೆಯ ಒಲೆಯಲ್ಲಿ ಬೇಯಿಸಿದವಳು. ಮಗನನ್ನು ನೋಡಲು ಟೆಕ್ಸಾಸಿನ ಆಸ್ಟಿನ್ ನಗರಕ್ಕೆ ಹೋಗಿದ್ದಳು. ಸೋದರಳಿಯ ಹೊಸದಾಗಿ ಹೊಗೆಯೊಲೆಯನ್ನು ಕೊಂಡು, ಅಂಗಡಿಯೊಂದರಿಂದ ಅಂದವಾಗಿ ಕಟ್ಟಿದ ಓಕ್ ಸೌದೆ ತಂದಿದ್ದ. ಎರಡು ಭಾನುವಾರ ಕೋಳಿ ಕಹಿಯಾಯಿತು. ಮಸಾಲೆಯ ದೋಷವೆಂದು ಒಮ್ಮೆ, ಒಲೆಯ ದೋಷವೆಂದು ಒಮ್ಮೆ ತೀರ್ಮಾನವಾಯಿತು. ಮೂರನೆಯ ಸಲ ಅಕ್ಕ ಹಿತ್ತಿಲಿಗೆ ಹೋಗಿ ಎರಡು ತುಂಡು ಕೈಗೆತ್ತಿಕೊಂಡು ಕುಟ್ಟಿ ನೋಡಿ, “ಇದು ಹಸಿ ಸೌದೆ ಕಣೋ. ಇದನ್ನು ಒಲೆಗಿಟ್ಟರೆ ಕಣ್ಣೂ ಹಾಳು, ಅಡುಗೆಯೂ ಹಾಳು” ಎಂದಳಂತೆ. ಅವನು ನಮಗೆ ಫೋನು ಮಾಡಿ, “ಮಾವ, ಮಾಪಕ ತರಿಸಿ ಚುಚ್ಚಿ ನೋಡಿದೆ, ಮೂವತ್ತೈದು ತೋರಿಸಿತು. ಅಮ್ಮ ಸುಮ್ಮನೆ ಕುಟ್ಟಿಯೇ ಹೇಳಿಬಿಟ್ಟಳಲ್ಲ!” ಎಂದ. ಬೇರೆ ಕಡೆಯಿಂದ ಒಣ ಸೌದೆ ತಂದ ಮೇಲೆ ಕಹಿ ಹೋಯಿತು. ಮರ ಅದೇ ಓಕ್.

ಅಲ್ಲಿಯ ಮರಗಳು

ಒಣಗಿನ ಪ್ರಶ್ನೆ ಬಗೆಹರಿದ ಮೇಲೆ ಜಾತಿಯ ಪ್ರಶ್ನೆಗೆ ಬರಬಹುದು. ಮಧ್ಯ ಟೆಕ್ಸಾಸಿನಲ್ಲಿ ಪೋಸ್ಟ್ ಓಕ್ ಎಂಬ ಮರಕ್ಕೆ ಅಗ್ರಪೂಜೆ. ಬೇಲಿಯ ಕಂಬಗಳಿಗೆ ಬಳಸುತ್ತಿದ್ದುದರಿಂದ ಆ ಹೆಸರು. ನಿಧಾನವಾಗಿ, ಸಮನಾಗಿ ಉರಿಯುತ್ತದೆ; ಪರಿಮಳ ಸೌಮ್ಯ. ಆಸ್ಟಿನ್ನಿನಲ್ಲಿ ೨೦೦೯ರಲ್ಲಿ ಅಂಗಡಿ ತೆರೆದು, ೨೦೧೫ರಲ್ಲಿ ಅಮೆರಿಕೆಯ ಜೇಮ್ಸ್ ಬಿಯರ್ಡ್ ಪಾಕ ಪ್ರಶಸ್ತಿ ಪಡೆದ ಆರನ್ ಫ್ರಾಂಕ್ಲಿನ್ ನೆಚ್ಚಿದ್ದು ಇದನ್ನೇ. ಪೂರ್ವ ಮತ್ತು ದಕ್ಷಿಣದ ಸಂಸ್ಥಾನಗಳಲ್ಲಿ ಹಿಕರಿಗೆ ಮನ್ನಣೆ. ಇದು ನಮ್ಮ ಅಕ್ರೋಟಿನ ಕುಟುಂಬಕ್ಕೆ ಸೇರಿದ ಮರ, ಪರಿಮಳ ತುಸು ಖಾರ. ಅದರ ತಂಗಿಯಂತಿರುವ ಪೆಕಾನ್ ಟೆಕ್ಸಾಸಿನ ರಾಜ್ಯವೃಕ್ಷ. ಅದರ ಹೊಗೆಯಲ್ಲಿ ಸ್ವಲ್ಪ ಸಿಹಿಯಿದೆ. ಸೇಬು, ಚೆರಿ, ಪೀಚ್ ಮುಂತಾದ ಹಣ್ಣಿನ ಮರಗಳು ಕೋಳಿಗೂ ತರಕಾರಿಗೂ ಒಪ್ಪುತ್ತವೆ. ವಾಯವ್ಯ ಕರಾವಳಿಯವರು ಮೀನಿಗೆ ಆಲ್ಡರ್ ಮರವನ್ನು ಬಳಸುತ್ತಾರೆ. ಎಲ್ಲ ಕಡೆಯವರೂ ತಮ್ಮ ಸುತ್ತ ಬೆಳೆಯುವ ಗಟ್ಟಿಮರವನ್ನೇ ಶ್ರೇಷ್ಠವೆಂದಿದ್ದಾರೆ. ಹತ್ತಿರದಲ್ಲಿ ಸಿಕ್ಕುವುದು, ಚೆನ್ನಾಗಿ ಒಣಗಿಸಿಕೊಳ್ಳಲು ಬರುವುದು, ರಾಳವಿಲ್ಲದ್ದು—ಈ ಮೂರು ಗುಣಗಳಿದ್ದರೆ ಸಾಕು.

ಪಶ್ಚಿಮ ಟೆಕ್ಸಾಸಿನ ಒಣನಾಡಿನಲ್ಲಿ ಓಕ್ ವಿರಳ. ಅಲ್ಲಿ ಮೆಸ್ಕೀಟ್ ಎಂಬ ಮುಳ್ಳಿನ ಮರವಿದೆ. ಬಹಳ ಬಿಸಿಯಾಗಿ ಉರಿಯುತ್ತದೆ, ಹೊಗೆ ಕಟುವಾದುದು. ಹತ್ತು ಗಂಟೆಯ ಅಡುಗೆಗೆ ಅದನ್ನೇ ಹಾಕಿದರೆ ರುಚಿ ಕೆಡುತ್ತದೆ. ಅಲ್ಲಿಯವರು ಅದನ್ನು ಬೇರೆ ಕಡೆ ಉರಿಸಿ, ಕೆಂಡ ಮಾಡಿಕೊಂಡು ಆಮೇಲೆ ಬಳಸುತ್ತಾರೆ.

ಈ ಮೆಸ್ಕೀಟ್ ಪರದೇಶಿಯೆಂದು ನಾವು ತಿಳಿಯಬೇಕಾಗಿಲ್ಲ. ಇದರ ಖಾಸಾ ದಾಯಾದಿಯನ್ನು ವಾಚಕರೆಲ್ಲರೂ ರೈಲಿನ ಕಿಟಕಿಯಿಂದ ಸಾವಿರ ಸಲ ನೋಡಿದ್ದಾರೆ: ಅದೇ ನಮ್ಮ ಬಳ್ಳಾರಿ ಜಾಲಿ. ಹೆಸರಿನಲ್ಲಿ ಬಳ್ಳಾರಿಯಿದ್ದರೂ ಇದು ಅಮೆರಿಕಾ ಖಂಡದ ಗಿಡ. ೧೮೭೦ರ ದಶಕದಲ್ಲಿ ಭಾರತಕ್ಕೆ ಬಂದದ್ದು. ಚೆನ್ನೈಯವರಿಗೆ ಇದು ಸೀಮೈ ಕರುವೇಲಂ. ಹೈದರಾಬಾದಿನವರಿಗೆ ಸರ್ಕಾರು ತುಮ್ಮ. ಮಹಾರಾಷ್ಟ್ರದಲ್ಲಿ ವೇಡಿ ಬಾಭೂಳ. ದೆಹಲಿಯ ಗುಡ್ಡಸಾಲನ್ನು ಆವರಿಸಿಕೊಂಡ ವಿಲಾಯತಿ ಕೀಕರ್ ಕೂಡ ಇದೇ. ನಮ್ಮ ಹಾಗೆಯೇ ಹೊರಗಿನಿಂದ ಬಂದು ಊರೂರಲ್ಲಿ ಬೇರೆ ಬೇರೆ ಹೆಸರು ಪಡೆದು ನೆಲೆಯೂರಿದೆ. ಅಷ್ಟೇ, ನೆರೆಯವರಿಗೆ ನಮಗಿಂತ ಹೆಚ್ಚು ಉಪದ್ರವ ಕೊಟ್ಟಿದೆ. ತಮಿಳುನಾಡಿನ ರಾಮನಾಥಪುರದ ಕಡೆಯೂ ಕಛ್ ಪ್ರದೇಶದಲ್ಲಿಯೂ ಇದರಿಂದ ಇದ್ದಲು ಸುಡುತ್ತಾರೆ. ಹೊಗೆಯೊಲೆಗೂ ಇದನ್ನು ಕೆಂಡ ಮಾಡಿ ಬಳಸುವುದೇ ಲೇಸು, ಹಸಿಹೊಗೆ ಕಟು.

ನಮ್ಮ ಡಿಪೋದಲ್ಲಿ ಏನು ಕೇಳಬೇಕು?

ಮುಂಬಯಿಯವರಿಗೆ ಲಾಕಡಾಚಿ ವಖಾರ್, ದೆಹಲಿಯವರಿಗೆ ಟಾಲ್, ಹೈದರಾಬಾದಿನವರಿಗೆ ಕಟ್ಟೆಲ ಅಡಿತಿ. ಹೆಸರು ಯಾವುದಾದರೂ ಅಲ್ಲಿ ಓಕ್ ಸಿಗದು. ಕರಿಜಾಲಿ ಸಿಕ್ಕೀತು, ಗಟ್ಟಿ ಸೌದೆ, ಒಳ್ಳೆಯ ಕೆಂಡ. ಕರಾವಳಿಯ ಊರುಗಳಲ್ಲಿ ಗಾಳಿಮರ ಅಥವಾ ಸರ್ವೆ ಧಾರಾಳ. ಉರುವಲಿಗೆ ಅದಕ್ಕೆ ಲೋಕದಲ್ಲಿಯೇ ಹೆಸರಿದೆ. ಹುಣಸೆ ಭಾರವಾದ, ಬಿಸಿಯಾದ ಸೌದೆ; ಸೀಳುವವನ ಬೆವರಿಳಿಸುತ್ತದೆ. ಪರಿಮಳಕ್ಕೆ ಸೀಬೆಯ ಕೊಂಬೆಗಳು ಸೊಗಸು. ಕಾಫಿ ತೋಟದ ನೆಂಟರಿದ್ದರೆ ಕಸಿ ಮಾಡುವಾಗ ಕತ್ತರಿಸಿ ಬಿಟ್ಟ ಕಾಫಿ ಗಿಡದ ಕಟ್ಟಿಗೆಯನ್ನು ಕೇಳಿ ತರಿಸಬಹುದು. ಗಟ್ಟಿ ಸೌದೆಯಿಂದ ಬೆಂಕಿಯ ಬುಡ ಕಟ್ಟಿ, ಪರಿಮಳದ ಸೌದೆಯನ್ನು ಆಗಾಗ ಒಂದೊಂದು ಹಾಕುವುದು ಸುಲಭವಾದ ಕ್ರಮ. ತೆಂಗಿನ ಗರಿ, ಚಿಪ್ಪುಗಳು ಬೆಂಕಿ ಹೊತ್ತಿಸುವುದಕ್ಕೆ ಸರಿ.

ಬಿಡಬೇಕಾದವುಗಳ ಪಟ್ಟಿಯನ್ನು ಗೋಡೆಗೆ ಅಂಟಿಸಿಕೊಂಡರೂ ತಪ್ಪಲ್ಲ. ದೇವದಾರು, ಪೈನ್ ಮುಂತಾದ ರಾಳದ ಮರಗಳು ಬೇಡ, ಮಸಿ ಕಾರುತ್ತವೆ. ನೀಲಗಿರಿಯಲ್ಲಿ ಎಣ್ಣೆಯಿದೆ, ಬೇಡ. ಕಣಗಿಲೆ ವಿಷದ ಗಿಡ. ಅದರ ಒಂದು ಕಡ್ಡಿಯೂ ಬೇಡ. ಗೇರು, ಹೊಳೆಗೇರುಗಳಂತೆ ಸೊನೆ ತಾಗಿದರೆ ಮೈ ಬೊಕ್ಕೆಯೇಳಿಸುವ ಮರಗಳನ್ನು ದೂರವಿಡಿ. ಬೂಷ್ಟು ಹಿಡಿದ ಸೌದೆ ಬೇಡ. ಬಣ್ಣ ಬಳಿದ ಹಳೆಯ ಕಿಟಕಿ, ಅಂಟು ಹಾಕಿದ ಪ್ಲೈವುಡ್, ಗೆದ್ದಲಿನ ಔಷಧಿ ಕುಡಿಸಿದ ಹಲಗೆ, ಸಾಮಾನು ಬಂದ ಮರದ ಪೆಟ್ಟಿಗೆ—ಇವು ನಗರದಲ್ಲಿ ಪುಕ್ಕಟೆಯಾಗಿ ಸಿಗುವುದರಿಂದಲೇ ಹೆಚ್ಚು ಅಪಾಯಕಾರಿ. ಅವುಗಳ ಹೊಗೆಯಲ್ಲಿ ಬೆಂದುದನ್ನು ಮಕ್ಕಳಿಗೆ ಉಣಿಸುವುದು ಪಾಪ.

ಗಾತ್ರ ಮತ್ತು ಕಾವಲು

ಸೀಳು ಒಂದಡಿಯಿಂದ ಹದಿನಾರು ಅಂಗುಲ ಉದ್ದ, ಮಣಿಕಟ್ಟಿನಿಂದ ತೋಳಿನಷ್ಟು ದಪ್ಪವಿದ್ದರೆ ಸಾಕು. ದಪ್ಪ ಕೊರಡು ಗೂಡನ್ನು ತುಂಬಿ ಉಸಿರು ಕಟ್ಟಿಸುತ್ತದೆ. ಮುಕ್ಕಾಲು ಗಂಟೆಗೋ ಅರ್ಧ ಗಂಟೆಗೋ ಒಂದೊಂದೇ ಸೀಳು ಹಾಕಬೇಕು. ಹಾಕುವ ಮೊದಲು ಅದನ್ನು ಬೆಂಕಿಗೂಡಿನ ನೆತ್ತಿಯ ಮೇಲಿಟ್ಟು ಬಿಸಿ ಮಾಡಿಕೊಂಡರೆ ಒಳಗೆ ಹೋದ ಕೂಡಲೇ ಉರಿ ಹಿಡಿಯುತ್ತದೆ. ಚಿಮಣಿಯನ್ನು ಪೂರ್ತಿ ತೆರೆದಿಡಿ. ಶಾಖವನ್ನು ಸೌದೆಯ ಪ್ರಮಾಣದಿಂದ ಹಿಡಿಯಬೇಕೇ ಹೊರತು ಗಾಳಿ ಮುಚ್ಚಿ ಅಲ್ಲ. ಸೌದೆಯನ್ನು ನೀರಿನಲ್ಲಿ ನೆನೆಸಿ ಹಾಕಬೇಕೆಂಬ ಮಾತನ್ನು ನಂಬಬೇಡಿ. ವರ್ಷವಿಡೀ ಒಣಗಿಸಿದುದನ್ನು ಒಂದು ಗಂಟೆಯಲ್ಲಿ ಕೆಡಿಸಿದಂತಾಗುತ್ತದೆ. ಕೋಳಿಯ ದಪ್ಪ ಭಾಗದ ಒಳಗಿನ ಕಾವು ೭೪ ಡಿಗ್ರಿ ಮುಟ್ಟದೆ ಬಡಿಸಬಾರದು. ಹೊರಗಿನ ಬಣ್ಣ ಕಂಡು ಮೋಸಹೋಗಬೇಡಿ.

ಎಲ್ಲಿ ಉರಿಸಬಹುದು?

ಇನ್ನು ಕಹಿಯಾದರೂ ಹೇಳಬೇಕಾದ ಮಾತು. ಮಹಡಿ ಮನೆಯ ಬಾಲ್ಕನಿಗೆ ಇದು ಸಲ್ಲದು. ಮೇಲಿನ ಮನೆಯಲ್ಲಿ ಎಳೆಗೂಸೋ ದಮ್ಮಿನ ಅಜ್ಜನೋ ಇರುತ್ತಾರೆ. ೨೦೨೫ರ ಜನವರಿಯಲ್ಲಿ ಮುಂಬಯಿ ಹೈಕೋರ್ಟು, ಸೌದೆ ಮತ್ತು ಕಲ್ಲಿದ್ದಲು ಉರಿಸುವ ನಗರದ ಬೇಕರಿಗಳು ಆರು ತಿಂಗಳೊಳಗೆ ಶುದ್ಧ ಇಂಧನಕ್ಕೆ ಬದಲಾಗಬೇಕೆಂದು ಆದೇಶಿಸಿತು. ದೆಹಲಿಯಲ್ಲಿ ಗಾಳಿ ಕೆಟ್ಟಾಗ ಹೋಟೆಲುಗಳ ತಂದೂರಿಗೂ ಸೌದೆ ನಿಷಿದ್ಧ. ಅಲ್ಲಿ ೧೯೯೪ರ ವೃಕ್ಷಸಂರಕ್ಷಣಾ ಕಾಯಿದೆಯೂ ಇದೆ. ಕೀಕರ್ ದಾರಿಯಲ್ಲಿ ಬೆಳೆದಿದೆಯೆಂದು ಕೊಡಲಿ ಎತ್ತುವಂತಿಲ್ಲ. ತೋಟವಿದ್ದವರು, ನೆರೆಮನೆ ದೂರವಿದ್ದವರು, ತಿಂಗಳಿಗೊಮ್ಮೆ ಹಬ್ಬದಂತೆ ಮಾಡಿದರೆ ಚೆಂದ. ನಿತ್ಯದ ಊಟಕ್ಕೆ ಇದು ತಕ್ಕದ್ದಲ್ಲ. ಹೊಗೆಯಿಟ್ಟು ಸಂಸ್ಕರಿಸಿದ ಮಾಂಸವೂ ಸೇರಿದಂತೆ ಸಂಸ್ಕರಿಸಿದ ಮಾಂಸವನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು ೨೦೧೫ರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಸಾಲಿಗೆ ಸೇರಿಸಿದೆಯೆಂಬುದು ನೆನಪಿರಲಿ.

ಈ ಬೇಸಿಗೆಯಲ್ಲಿ ಸೀಳಿ ಪೇರಿಸಿದ ಸೌದೆ ಬರುವ ವರ್ಷದ ಅಡುಗೆಗೆ ಹದವಾಗುತ್ತದೆ. ಆದ್ದರಿಂದ ಆಸೆಯುಳ್ಳವರು ಮೊದಲು ಸೌದೆಯನ್ನು ಕೊಂಡು ಮಳೆ ತಾಗದ ಕಡೆ ಪೇರಿಸಲಿ. ಒಲೆಯನ್ನು ಆಮೇಲೆ ಕೊಳ್ಳಬಹುದು. ಮನೆಯಲ್ಲಿ ಹಿರಿಯರಿದ್ದರೆ, ಡಿಪೋಗೆ ಹೋಗುವಾಗ ಅವರನ್ನೂ ಕರೆದುಕೊಂಡು ಹೋಗುವುದು ಒಳ್ಳೆಯದು. ಎರಡು ತುಂಡು ಕುಟ್ಟಿ ನೋಡುವ ಕೆಲಸವನ್ನು ಅವರಿಗೇ ಬಿಡಿ.